ಪರದೇಶಿ ಮಾಸ್ತರರ ರವಿವಾರ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕಾಲೇಜಿನವರಾದ ನಾವು ಇದರಲ್ಲಿ ಎರಡನೆಯ ಮಾತನ್ನು ಹಿಡಿದುಕೊಂಡು, ಮೊದಲನೆಯದನ್ನು ವಾರ್ಷಿಕ ಪ್ರವಾಸಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹಂಪೆಗೋ ಗೋವೆಗೋ ಹೋಗಿ, ಫೋಟೋ ತೆಗೆಸಿಕೊಂಡು ಬಂದರೆ ದೇಶ ಸುತ್ತಿದ ಪುಣ್ಯ ಬಂತೆಂದು ತಿಳಿಯುತ್ತೇವೆ. ಉಳಿದ ಐವತ್ತು ರವಿವಾರಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಆ ಲೆಕ್ಕವನ್ನು ಇಲ್ಲಿ ಕೇಳಬೇಕೆಂದಿದ್ದೇನೆ. ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ.

ನಾನು ತುಮಕೂರು ಸೀಮೆಯವನು. ಕೃಷ್ಣೆಯ ದಂಡೆಯ ಈ ಅಂಕಲಿ, ಚಿಕ್ಕೋಡಿ, ರಾಯಬಾಗಗಳ ಸೀಮೆಗೆ ಅಧ್ಯಾಪಕನಾಗಿ ಬಂದ ಮೊದಲ ವರುಷ ನನ್ನ ದಿನಚರಿಯು ಬಹು ಸರಳವಾಗಿದ್ದಿತು. ವಾರದ ಆರು ದಿನ ಪಾಠ. ಶನಿವಾರ ಮಧ್ಯಾಹ್ನ ಗಂಟೆ ಹೊಡೆದೊಡನೆ ಹತ್ತಿರದ ಊರುಗಳ ಸಹೋದ್ಯೋಗಿಗಳು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ದೂರದವನಾದ ನಾನು ಬಾಡಿಗೆಯ ಕೋಣೆಯಲ್ಲಿ ಮಲಗಿ ಎದ್ದು, ರವಿವಾರ ಮಿರಜಿಗೋ ಸಾಂಗಲಿಗೋ ಹೋಗಿ ಸಿನೆಮಾ ನೋಡಿ ಬರುತ್ತಿದ್ದೆನು. ಊರು ನನಗೆ ಕೆಲಸದ ಜಾಗವಾಗಿದ್ದಿತೇ ಹೊರತು ಊರಾಗಿರಲಿಲ್ಲ.

ಒಮ್ಮೆ ತರಗತಿಯಲ್ಲಿ ದೇವಾಲಯಗಳ ಶಿಲ್ಪದ ಬಗ್ಗೆ ಪಾಠ ನಡೆದಿದ್ದಿತು. ಬೇಲೂರು, ಹಳೇಬೀಡುಗಳನ್ನು ನಾನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಿದ್ದೆನೆಂದು ನನ್ನ ನಂಬಿಕೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ನೀವು ಖಿದ್ರಾಪುರ ನೋಡೀರೇನ್ರಿ?” ಎಂದು ಕೇಳಿದನು. ನೋಡಿರಲಿಲ್ಲ. ಹೆಸರನ್ನೇ ಕೇಳಿರಲಿಲ್ಲ. “ಇಲ್ಲೇ ಹೊಳಿ ಆಚಿ ಐತ್ರಿ. ಬರೂ ಐತವಾರ ಹೋಗೂಣ್ರಿ” ಎಂದನು. ತರಗತಿ ನಕ್ಕಿತು, ನಾನೂ ನಕ್ಕೆನು. ಆದರೆ ಆ ರವಿವಾರ ಹೋದೆವು.

ಖಿದ್ರಾಪುರವು ಇಂದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಸೇರಿದ ಹಳ್ಳಿ. ಅಲ್ಲಿಯ ಕೋಪೇಶ್ವರ ದೇವಾಲಯವು ಶಿಲಾಹಾರ ಅರಸರ ಕಾಲದ್ದು, ಹನ್ನೆರಡನೆಯ ಶತಮಾನದ ಕಟ್ಟಡ. ಅದರ ಸ್ವರ್ಗಮಂಟಪದ ಮಾಡಿನ ನಡುವೆ ದುಂಡಗೆ ತೆರೆದ ಬಾಯಿಯಿದೆ. ಕೆಳಗೆ ನಿಂತವನಿಗೆ ಆಕಾಶವೇ ಛಾವಣಿ. ಗೋಡೆಯ ಬುಡದ ಸುತ್ತ ಗುಡಿಯನ್ನು ಹೊತ್ತಂತೆ ಆನೆಗಳ ಸಾಲು. ಶಿವನ ಗುಡಿಯಾದರೂ ಎದುರಿಗೆ ನಂದಿಯಿಲ್ಲ. ಈ ಶಿವನ ನಂದಿಯು ಹತ್ತು ಹನ್ನೆರಡು ಕಿಲೋಮೀಟರು ದೂರದ ನಮ್ಮ ಯಡೂರಿನಲ್ಲಿ ಕುಳಿತಿದೆಯೆಂದು ಜನ ಹೇಳುತ್ತಾರೆ. ದೇವರು ಆ ರಾಜ್ಯದಲ್ಲಿ, ನಂದಿಯು ಈ ರಾಜ್ಯದಲ್ಲಿ! 1956ರ ಗಡಿಗೆರೆಯು ಇವರಿಬ್ಬರ ನಡುವೆ ಹಾದುಹೋದುದು ಇಬ್ಬರಿಗೂ ತಿಳಿದಂತಿಲ್ಲ.

ಆ ಗುಡಿಯಲ್ಲಿ ಹಲವು ಶಾಸನಗಳಿವೆ. ಗೋಡೆಯ ಮೇಲೆ ದೇವಗಿರಿಯ ಯಾದವ ಸಿಂಘಣನದೊಂದು ಸಂಸ್ಕೃತದಲ್ಲಿ ನಾಗರೀ ಲಿಪಿಯಲ್ಲಿದೆ, ಮಿಕ್ಕವು ಕನ್ನಡದವು. ಹುಡುಗನು ಒಂದು ಬರಹದ ಮೇಲೆ ಬೆರಳಿಟ್ಟು, “ಏನೈತ್ರಿ ಸರ್ ಇಲ್ಲಿ?” ಎಂದನು. ಕನ್ನಡದಲ್ಲಿ ಎಂ.ಎ. ಮಾಡಿದ ನಾನು ಆ ಮೂರು ಸಾಲುಗಳ ಮುಂದೆ ಅಕ್ಷರ ಬಾರದವನಂತೆ ನಿಂತೆನು. ಹಳಗನ್ನಡ ಕಾವ್ಯಗಳನ್ನು ಅಚ್ಚಿನಲ್ಲಿ ಓದಿದ್ದೆನು; ಕಲ್ಲಿನಲ್ಲಿ ಓದಲು ಯಾರೂ ಕಲಿಸಿರಲಿಲ್ಲ, ನಾನೂ ಕಲಿತಿರಲಿಲ್ಲ.

ಆಗ ನನಗೆ ನೆನಪಾದವರು ನಮ್ಮ ನಾಡಿಗೆ ಹೊರಗಿನಿಂದ ಬಂದ ಮಾಸ್ತರರು. ಬಿ. ಎಲ್. ರೈಸರು ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದವರಾದರೂ ಇಂಗ್ಲಿಷರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರಿನ ಹೈಸ್ಕೂಲಿಗೆ ಅವರು 1860ರಲ್ಲಿ ಮುಖ್ಯರಾಗಿ ಬಂದರು. ಬಳಿಕ ಶಾಲೆಗಳ ತನಿಖಾಧಿಕಾರಿಯಾದರು. ಊರೂರು ತಿರುಗಿ ಮಕ್ಕಳ ಹಾಜರಿ ಪುಸ್ತಕ ನೋಡುವುದು ಅವರ ಕೆಲಸ. ಆದರೆ ಶಾಲೆಯ ಹಾಜರಿ ಮುಗಿದ ಮೇಲೆ ಊರ ಮುಂದಿನ ಕಲ್ಲುಗಳ ಹಾಜರಿಯನ್ನೂ ಅವರು ತೆಗೆದುಕೊಂಡರು. ಆ ಹವ್ಯಾಸವೇ ಬೆಳೆದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಾಯಿತು; ಸುಮಾರು ಒಂಬತ್ತು ಸಾವಿರ ಶಾಸನಗಳು ಬೆಳಕಿಗೆ ಬಂದವು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದವರು ಜೆ. ಎಫ್. ಫ್ಲೀಟರು. ಅವರು 1872ರಲ್ಲಿ ಮುಂಬಯಿ ಇಲಾಖೆಯ ದಕ್ಷಿಣ ವಿಭಾಗದ ಶಿಕ್ಷಣ ತನಿಖಾಧಿಕಾರಿ. 1875ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜಂಟರು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. 1949ರ ವರೆಗೂ ಹಾಗೆಯೇ ಇದ್ದಿತು. ಶಾಸನಗಳನ್ನೋದಿ ಕನ್ನಡ ನಾಡಿನ ಅರಸುಮನೆತನಗಳ ಇತಿಹಾಸ ಬರೆದವರೆಂದು ಅವರನ್ನು ಎಲ್ಲರೂ ಬಲ್ಲರು. ಅವರು 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನೂ ಅಚ್ಚು ಮಾಡಿಸಿದರೆಂಬುದು ಅಷ್ಟಾಗಿ ಜನರಿಗೆ ತಿಳಿಯದು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ, ಸಂಗ್ಯಾನ ಲಾವಣಿ. ಕೊನೆಗೆ ಸರಕಾರವು ವರಮಾನ ತೆರಿಗೆ ಹೇರಿದುದನ್ನು ಕುರಿತ ಲಾವಣಿಯೂ ಅಲ್ಲಿವೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಕಂಪನಿ ಸರಕಾರ. ಆ ಆಳ್ವಿಕೆಗೇ ವಾರಸುದಾರವಾದ ಸರಕಾರದ ಅಧಿಕಾರಿಯೊಬ್ಬನು ರಾಯಣ್ಣನನ್ನು ಹೊಗಳುವ ಹಾಡನ್ನು ಕೇಳಿ, ಬರೆಯಿಸಿ, ಅಚ್ಚು ಹಾಕಿಸಿದನು! ಹಾಡಿದವನು ಧೈರ್ಯಶಾಲಿ, ಕೇಳಿದವನೂ ಕಿವಿಯುಳ್ಳವನು.

ಇನ್ನು ಕಿಟೆಲ್ಲರು. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಈ ಕಡೆಗೆ ಬಂದವರು. ಪಾದ್ರಿಗೆ ರವಿವಾರವೆಂದರೆ ಸೂಟಿಯಲ್ಲ, ಅದೇ ಹೆಚ್ಚಿನ ಕೆಲಸದ ದಿನ. ಅವರ ಸೂಟಿಯೆಲ್ಲ ಕೆಲಸದ ನಡುವೆ ಉಳಿಸಿಕೊಂಡ ವೇಳೆ. ಆ ವೇಳೆಯಲ್ಲಿ ಅವರು ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿದರು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿ 1894ರಲ್ಲಿ ಮಂಗಳೂರಿನಲ್ಲಿ ಹೊರತಂದರು. ಅದನ್ನು ತೆರೆದು ನೋಡಿರಿ: ಕವಿಗಳ ಶಬ್ದಗಳ ಮಗ್ಗುಲಲ್ಲಿಯೇ ಹೊಲದ, ಸಂತೆಯ, ಅಡಿಗೆಮನೆಯ ಗಾದೆಗಳು ಕುಳಿತಿವೆ. ದೇಶ ಸುತ್ತದವನಿಗೆ ಇಂಥ ಕೋಶ ಕಟ್ಟಲು ಬಾರದು.

ಇವರನ್ನು ಹೊಗಳಿ ನಮ್ಮವರನ್ನು ತೆಗಳುವುದು ನನ್ನ ಉದ್ದೇಶವಲ್ಲ. ಫ್ಲೀಟರು ಬಂದುದು ಆಳಲಿಕ್ಕೆ, ಕಿಟೆಲ್ಲರು ಬಂದುದು ಮತಪ್ರಚಾರಕ್ಕೆ. ದೊಡ್ಡ ಸಂಬಳ, ಅಧಿಕಾರದ ಬಲ, ಕರೆದರೆ ಓಡಿ ಬರುವ ಸಿಪಾಯಿಗಳು ಇಂಗ್ಲಿಷ್ ಅಧಿಕಾರಿಗಳಿಗಿದ್ದುವು. ಇಂದಿನ ಅಧ್ಯಾಪಕನಿಗೆ ಅದೊಂದೂ ಇಲ್ಲ. ಹೆಂಡತಿಯ ನೌಕರಿ ಒಂದೂರಲ್ಲಿ, ಮಕ್ಕಳ ಶಾಲೆ ಇನ್ನೊಂದೂರಲ್ಲಿ, ತನ್ನ ಕಾಲೇಜು ಮತ್ತೊಂದೂರಲ್ಲಿ ಇರುವವನು ಶನಿವಾರ ಬಸ್ಸಿಗೆ ಓಡಿದರೆ ಅದು ತಪ್ಪೆಂದು ಹೇಳುವ ಎದೆ ನನಗಿಲ್ಲ. ನಮ್ಮ ಸರಕಾರೀ ಕಾಲೇಜುಗಳಲ್ಲಿ ಪಾಠದ ಭಾರವನ್ನು ಬಹಳಷ್ಟು ಹೊತ್ತಿರುವ ಅತಿಥಿ ಉಪನ್ಯಾಸಕರಂತೂ ಮುಂದಿನ ವರುಷ ತಮ್ಮ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿರುತ್ತಾರೆ. ಅವರ ಮುಂದೆ ಶಿಲಾಶಾಸನದ ಮಾತೆತ್ತುವುದು ಹಸಿದವನಿಗೆ ಹೂವಿನ ಮಾಲೆ ಕೊಟ್ಟಂತೆ.

ಆದರೆ ಒಂದು ಮಾತನ್ನು ಮರೆಯಬಾರದು. ಆ ಪರದೇಶದವರಾರೂ ತಾವಾಗಿಯೇ ಏನನ್ನೂ ಕಂಡುಹಿಡಿಯಲಿಲ್ಲ. ‘ಇಲ್ಲೊಂದು ಕಲ್ಲಿದೆ, ಬರ್ರಿ’ ಎಂದು ಕೈಹಿಡಿದು ಕರೆದೊಯ್ಯುವವರು ಇಲ್ಲಿಯವರೇ ಆಗಬೇಕು. ಹಾಡಿದವರು ಇಲ್ಲಿಯವರು, ಅರ್ಥ ಬಿಡಿಸಿದ ಪಂಡಿತರು ಇಲ್ಲಿಯವರು. ಪರದೇಶಿಯು ಮಾಡಿದ ದೊಡ್ಡ ಕೆಲಸವೆಂದರೆ, ತನಗೆ ತಿಳಿಯದೆಂದು ಒಪ್ಪಿಕೊಂಡು, ತಿಳಿದವರ ಹಿಂದೆ ನಡೆದದ್ದು. ಅದಕ್ಕೆ ಸಂಬಳವೂ ಬೇಡ, ಸಿಪಾಯಿಯೂ ಬೇಡ.

ನಮ್ಮವರಲ್ಲಿಯೂ ಹೀಗೆ ನಡೆದವರಿದ್ದಾರೆ. ಮೈಸೂರಿನಲ್ಲಿ ಹುಟ್ಟಿದ, ಮನೆಮಾತು ತಮಿಳಾಗಿದ್ದ ಎ. ಕೆ. ರಾಮಾನುಜನ್ನರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಇಂಗ್ಲಿಷ್ ಮಾಸ್ತರರಿಗೆ ಹಳ್ಳಿಯ ಮುದುಕಿಯರ ಕತೆಗಳಿಂದ ಏನಾಗಬೇಕು? ಆದರೂ ಅವರು ಈ ಭಾಗದಲ್ಲಿ ಕತೆಗಳನ್ನು ಕೇಳಿ ಬರೆದುಕೊಂಡರು. ಮುಂದೆ ಅಮೆರಿಕೆಯ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ತಾವೇ ಪರದೇಶಿ ಮಾಸ್ತರರಾದಾಗ ಅವರು ಜೊತೆಗೊಯ್ದ ಬುತ್ತಿ ಇದೇ. ಅವರು ತೀರಿಕೊಂಡುದು 1993ರಲ್ಲಿ. ಕನ್ನಡದ ಎಪ್ಪತ್ತೇಳು ಜನಪದ ಕತೆಗಳ ಅವರ ಇಂಗ್ಲಿಷ್ ಪುಸ್ತಕ 1997ರಲ್ಲಿ ಹೊರಬಂದು ಲೋಕದ ಕೈಸೇರಿತು. ಬೇಂದ್ರೆಯವರು 1944ರಿಂದ 1956ರ ವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಮರಾಠಿಯಲ್ಲಿಯೂ ಬರೆದರು. ನೌಕರಿಯು ಒಯ್ದಲ್ಲಿಗೆ ಹೋಗಿ ಅಲ್ಲಿಯವರಾದವರು ಇವರು.

ಮತ್ತೆ ನನ್ನ ರವಿವಾರಕ್ಕೆ ಬರುತ್ತೇನೆ. ಖಿದ್ರಾಪುರದಿಂದ ಹಿಂದಿರುಗುವಾಗ ಹುಡುಗನು ನನ್ನನ್ನು ತನ್ನ ಮನೆಗೆ ಕರೆದೊಯ್ದನು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಅವನ ಆಯಿ ಪಡಸಾಲೆಯಲ್ಲಿ ಕುಳಿತು ನನ್ನನ್ನು ವಿಚಾರಿಸಿದಳು: “ಯಾವೂರ್ರಿ ಮಾಸ್ತರ?” ಹೇಳಿದೆನು. “ಭಾಳ ದೂರ ಆತಲ್ರಿ. ಇಲ್ಲಿ ನಿಮ್ಮವರಂತ ಯಾರೂ ಇಲ್ಲೇನು? ಪಾಪ, ಪರದೇಶಿ ಆದ್ರಿ” ಎಂದಳು. ಅವಳು ಆ ಮಾತನ್ನು ಯಾರೂ ದಿಕ್ಕಿಲ್ಲದವನು ಎಂಬ ಅರ್ಥದಲ್ಲಿ ಆಡಿದಳು. ನನಗೆ ಅದರ ಎರಡೂ ಅರ್ಥಗಳು ತಾಗಿದುವು.

ಹಿತ್ತಲಲ್ಲಿ ತುಳಸಿಕಟ್ಟೆಯ ಬದಿಗೆ ಬೀಸುಕಲ್ಲೊಂದು ಬಿದ್ದಿದ್ದಿತು. ಬೀಸುವ ಹಾಡು ಬರುತ್ತವೆಯೇ ಎಂದು ಆಯಿಯನ್ನು ಕೇಳಿದೆನು. “ಬರ್ತಿದ್ದುವ್ರಿ. ಗಿರಣಿ ಬಂದ ಮ್ಯಾಲೆ ಕಲ್ಲು ನಿಂತು. ಕಲ್ಲು ತಿರಗದ ಹಾಡು ಹೆಂಗ ಬರಬೇಕು?” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರಿಗೈಯನ್ನೇ ಕಲ್ಲಿನ ಗೂಟ ಹಿಡಿದಂತೆ ಮಾಡಿ ತಿರುಗಿಸತೊಡಗಿದಳು. ಹಾಡು ಬಂದಿತು. ಒಂದಲ್ಲ, ನಾಲ್ಕು. ಅವಳ ಮೊಮ್ಮಗ ಬಾಯಿ ತೆರೆದು ನಿಂತಿದ್ದನು. ಇಪ್ಪತ್ತು ವರುಷ ಅದೇ ಮನೆಯಲ್ಲಿ ಬೆಳೆದ ಅವನು ಆ ಹಾಡುಗಳನ್ನು ಕೇಳಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಪರದೇಶಿಯಾಗಿದ್ದವನು ನಾನೊಬ್ಬನೇ ಅಲ್ಲ.

ಆದುದರಿಂದ, ವಿದ್ಯಾರ್ಥಿ ಮಿತ್ರರೇ, ನಾನು ಹೇಳಬೇಕಾದುದು ಇಷ್ಟೇ. ಹೊರಗಿನಿಂದ ಬಂದ ಮಾಸ್ತರನು ಹುಟ್ಟಿದ ಊರಿನಿಂದಾಗಿ ಪರದೇಶಿಯಲ್ಲ; ತನ್ನ ವಿದ್ಯಾರ್ಥಿಗಳಿಂದ ಏನೂ ಕಲಿಯದೆ ಇದ್ದರೆ ಪರದೇಶಿ. ಊರಲ್ಲೇ ಹುಟ್ಟಿದ ವಿದ್ಯಾರ್ಥಿಯೂ ಮನೆಯ ಹಿರಿಯರಿಂದ ಏನೂ ಕೇಳದೆ ಇದ್ದರೆ ಪರದೇಶಿಯೇ. ವಾರದ ಆರು ದಿನ ನಾವು ಗುರುಗಳು, ನೀವು ಶಿಷ್ಯರು. ತಿಂಗಳಿಗೊಂದು ರವಿವಾರವಾದರೂ ಈ ಲೆಕ್ಕ ತಿರುಗುಮುರುಗಾಗಲಿ. ನಮ್ಮನ್ನು ಯಡೂರಿನ ವೀರಭದ್ರನ ಗುಡಿಗೆ, ರಾಯಬಾಗದ ಹಳೆಯ ಬಸದಿಗೆ, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಅಂಗಳಕ್ಕೆ, ನಿಪ್ಪಾಣಿಯ ತಂಬಾಕಿನ ವಖಾರಿಗಳಿಗೆ, ನಿಮ್ಮ ಆಯಿ ಮುತ್ಯಾರ ಪಡಸಾಲೆಗೆ ಕರೆದೊಯ್ಯಿರಿ. ವಾರಕ್ಕೊಮ್ಮೆ ಊರಿಗೆ ಓಡಲೇಬೇಕಾದವರನ್ನು ಹೋಗಗೊಡಿರಿ, ಉಳಿದವರನ್ನು ಬಿಡಬೇಡಿರಿ.

ಫ್ಲೀಟರ ಕಾಲದಲ್ಲಿ ಒಂದು ಲಾವಣಿಯನ್ನು ಉಳಿಸಬೇಕಾದರೆ ಕೇಳಿ ಬರೆದುಕೊಳ್ಳುವವನೊಬ್ಬ ಬೇಕಾಗಿದ್ದಿತು. ಇಂದು ನಿಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲಿನ ಒಂದು ಗುಂಡಿ ಒತ್ತಿದರೆ ಸಾಕು, ಧ್ವನಿ ಸಹಿತ ಉಳಿಯುತ್ತದೆ. ಉಪಕರಣಕ್ಕೆ ಬರಗಾಲವಿಲ್ಲ, ಬರಗಾಲ ಬಂದಿರುವುದು ಕೇಳುವ ಕಿವಿಗೆ, ಕುಳಿತುಕೊಳ್ಳುವ ಪುರುಸೊತ್ತಿಗೆ. ಹಾಗೆ ಕೇಳಿದುದನ್ನು ಬರೆದು, ಹೇಳಿದವರ ಹೆಸರು, ಊರುಗಳೊಡನೆ ಈ ವಾರ್ಷಿಕ ಸಂಚಿಕೆಗೆ ಕೊಡಿರಿ. ಲಾವಣಿ ಹಾಡಿದವರ ಹೆಸರನ್ನು ನಾವು ಮರೆತಿದ್ದೇವೆ. ನಿಮ್ಮ ಆಯಿಯ ಹೆಸರಿಗೆ ಆ ಗತಿ ಬಾರದಿರಲಿ. ಸಂಪಾದಕರು ಪ್ರತಿ ವರುಷ ನಾಲ್ಕು ಪುಟಗಳನ್ನು ಅದಕ್ಕೆಂದೇ ಮೀಸಲಿಡಬೇಕೆಂದು ಬೇಡಿಕೊಳ್ಳುತ್ತೇನೆ.

ಆಯಿಯ ಹಾಡುಗಳಲ್ಲಿ ನಾಲ್ಕನ್ನು ಮಾತ್ರ ನಾನು ಕೇಳಿದ್ದೇನೆ. ಇನ್ನೂ ಎಷ್ಟಿವೆಯೋ ಅವಳೇ ಬಲ್ಲಳು. ಅವಳಿಗೆ ಎಂಬತ್ತು ದಾಟಿದೆ. ಬರುವ ರವಿವಾರ ನಾನು ಸಿನೆಮಾಕ್ಕೆ ಹೋಗುವವನಲ್ಲ.