ಹೆರಿಗೆ ಕೋಣೆಯ ಎಸಿ ಯಾರಿಗೆ? (ಭಾಗ 4)

ಕಳೆದ ಭಾಗದಲ್ಲಿ ಎನ್‌ಐಸಿಯು ಬಿಲ್ ಬಗ್ಗೆ ಬರೆದಿದ್ದೆ. ಇವತ್ತು ಅದಕ್ಕೂ ಹಿಂದಿನ ಮಾತು, ಕೂಸು ಹುಟ್ಟಿದ ಮೊದಲ ಹತ್ತು ನಿಮಿಷದ್ದು.

28 ವಾರ ತುಂಬೋಕೂ ಮುಂಚೆ ಹುಟ್ಟಿದ ಕೂಸು ಹೆಚ್ಚುಕಮ್ಮಿ ಒಂದು ಕೆಜಿ ಸಕ್ಕರೆ ಪ್ಯಾಕೆಟ್ಟಿನ ತೂಕ, ಕೆಲವು ಸಲ ಅಷ್ಟೂ ಇರಲ್ಲ. ಚರ್ಮದಡಿ ಕೊಬ್ಬಿಲ್ಲ. ಒದ್ದೆ ಮೈಯ ನೀರು ಆವಿಯಾಗ್ತಾ ಇರೋ ಚೂರು ಶಾಖವನ್ನೂ ಹೊತ್ಕೊಂಡು ಹೋಗುತ್ತೆ. ನಡುಗಿ ಮೈ ಬಿಸಿ ಮಾಡ್ಕೊಳ್ಳೋಕೂ ಅದಕ್ಕೆ ಬರಲ್ಲ. ಇಂಥ ಕೂಸನ್ನ ಎಷ್ಟೋ ಕಡೆ ನಾವು ಬರಮಾಡಿಕೊಳ್ಳೋದು ಗುಂಯ್ ಅಂತ ಎಸಿ ಓಡ್ತಿರೋ ಓಟಿಗೆ. ಯಾಕಂದ್ರೆ ಗೌನು ಹಾಕಿದ ದೊಡ್ಡವರಿಗೆ ಸೆಕೆ!

ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕೂಸಿನ ಮೈ 36.5ರಿಂದ 37.5ರೊಳಗೆ ಇರಬೇಕು. 2007ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ಎನ್‌ಐಸಿಯುಗೆ ಬರುವಾಗ ಮೈ ಒಂದು ಡಿಗ್ರಿ ತಣ್ಣಗಾದರೆ ಸಾವಿನ ಸಂಭವ ಶೇ. 28ರಷ್ಟು ಏರಿದ್ದು ಕಂಡಿತ್ತು. ತಂಪೊಂದೇ ಕೊಂದಿತು ಅಂತ ಇದರಿಂದ ಸಾಬೀತಾಗಲ್ಲ, ಒಪ್ತೀನಿ. ಆದ್ರೆ ರಿಮೋಟ್ ಒತ್ತೋಕೆ ಇನ್ನೆಷ್ಟು ಸಾಕ್ಷಿ ಬೇಕು ಸ್ವಾಮಿ?

"ನಮ್ಮಲ್ಲಿ ಸೌಲಭ್ಯ ಇಲ್ಲ" ಅಂತಾರೆ. ವೆಂಟಿಲೇಟರ್ ಇಲ್ಲ ಅಂದ್ರೆ ನಂಬ್ತೀನಿ, ಅದು ಸರ್ಕಾರ ಉತ್ತರ ಕೊಡಬೇಕಾದ ವಿಷಯ. ಪ್ಲಾಸ್ಟಿಕ್ ಚೀಲವೂ ಇಲ್ವಾ? 32 ವಾರಕ್ಕೂ ಮುಂಚೆ ಹುಟ್ಟಿದ ಕೂಸನ್ನ ಒರೆಸದೆ, ಒದ್ದೆ ಮೈಯಲ್ಲೇ ಕತ್ತಿನವರೆಗೆ ಶುದ್ಧ ಪಾಲಿಥೀನ್ ಚೀಲದೊಳಗೆ ಇಳಿಸಿ, ತಲೆಗೆ ಟೋಪಿ ಹಾಕಿ, ವಾರ್ಮರ್ ಕೆಳಗೆ ಇಡೋದು. ಮುಖ ಹೊರಗೇ ಇರಬೇಕು. ಕೂಸು ಉಸಿರಾಡ್ತಿದ್ರೆ ಹೊಕ್ಕುಳಬಳ್ಳಿ ಕತ್ತರಿಸೋಕೆ ಒಂದು ನಿಮಿಷ ತಡೆಯೋದಕ್ಕಂತೂ ಪೈಸೆ ಖರ್ಚಿಲ್ಲ.

ಇನ್ನು ಸ್ಟಿರಾಯ್ಡ್ ಇಂಜೆಕ್ಷನ್. ಹೆಸರು ಕೇಳಿದ್ರೇ ನಮ್ಮ ಮನೆಯವರು ಹೆದರ್ತಾರೆ. ದಿನ ತುಂಬೋಕೆ ಮುಂಚೆ ನೋವು ಬಂದ ತಾಯಿಗೆ ಕೊಡೋ ಡೆಕ್ಸಾಮೆಥಸೋನ್ ಕೂಸಿನ ಶ್ವಾಸಕೋಶ ಬಲಿಯೋಕೆ. ಐದು ದೇಶಗಳಲ್ಲಿ, ನಮ್ಮ ಬೆಳಗಾವಿಯನ್ನೂ ಸೇರಿಸಿಕೊಂಡು, ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲೇ ಬಂದಿದೆ: ನವಜಾತ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ಬೆಳಗಾವಿಯಲ್ಲಿ ಕಲಿತ ಪಾಠ ಪಕ್ಕದ ತಾಲ್ಲೂಕಿಗೆ ಹೋಗೋಕೆ ಎಷ್ಟು ವರ್ಷ ಬೇಕು?

ಬರೀ ಆಸ್ಪತ್ರೆಯವರನ್ನ ಬೈದು ನೀವೂ ನಾನೂ ತಪ್ಪಿಸ್ಕೊಳ್ಳೋ ಹಾಗಿಲ್ಲ. "ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ" ಅನ್ನೋ ಲೆಕ್ಕ ಇವತ್ತಿಗೂ ಮನೆಗಳಲ್ಲಿ ಓಡ್ತಿದೆ. ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಲಾಭ. ಬೇಗ ನೋವು ಬಂತಾ, ಎನ್‌ಐಸಿಯು ಇರೋ ಆಸ್ಪತ್ರೆಗೆ ತಾಯಿಯನ್ನೇ ಮೊದಲು ಸಾಗಿಸೋಕಾಗುತ್ತಾ ಅಂತ ಡಾಕ್ಟರನ್ನ ಕೇಳಿ. ಹುಟ್ಟಿದ ಮೇಲೆ ಕೂಸನ್ನ ಟವೆಲ್‌ನಲ್ಲಿ ಸುತ್ಕೊಂಡು ಓಡೋದಕ್ಕಿಂತ ಅದು ಎಷ್ಟೋ ವಾಸಿ.

ಮತ್ತೆ, ಓಟಿ ಬಾಗಿಲಲ್ಲಿ "ಒಂದ್ಸಲ ಬಿಚ್ಚಿ ತೋರಿಸಿ ಸಿಸ್ಟರ್" ಅಂತ ಮೊಬೈಲ್ ಹಿಡ್ಕೊಂಡು ನಿಲ್ಲೋರು ನಾವೇ ಅಲ್ವಾ? ಗಂಡೋ ಹೆಣ್ಣೋ ಆಮೇಲೆ ಗೊತ್ತಾಗುತ್ತೆ. ಫೋಟೋನೂ ಆಮೇಲೆ ತೆಗೀರಿ.