ಕೆರೆಗೆ ಬೆಂಕಿ ಬಿದ್ದಾಗಷ್ಟೇ ವಿಜ್ಞಾನಿಗಳು ಬೇಕೆ?

ಐದು ಗುಂಟೆಯಿಂದ ಒಂದು ಎಕರೆವರೆಗಿನ ಕೆರೆಯ ಸುತ್ತ 3 ಮೀಟರ್ ಬಫರ್ (ರಕ್ಷಣಾ) ವಲಯ ಸಾಕಂತೆ. ಐದು ಗುಂಟೆಗಿಂತ ಚಿಕ್ಕದಾದರೆ ಅದೂ ಬೇಡವಂತೆ. ಎಲ್ಲ ಕೆರೆಗೂ 30 ಮೀಟರ್ ಎಂದಿದ್ದ ನಿಯಮವನ್ನು ವಿಸ್ತೀರ್ಣ ನೋಡಿ ಕತ್ತರಿಸುವ ತಿದ್ದುಪಡಿ ಮಸೂದೆಗೆ 2025ರಲ್ಲಿ ನಮ್ಮ ವಿಧಾನಸಭೆ ಒಪ್ಪಿಗೆ ಕೊಟ್ಟಿತು. 3 ಮೀಟರ್ ಎಂದರೆ ಒಂದು ಲಾರಿ ನಿಲ್ಲಿಸುವಷ್ಟು ಅಗಲ. ಈ ಲೆಕ್ಕ ಕೊಟ್ಟ ವಿಜ್ಞಾನಿ ಯಾರು? ಸರ್ಕಾರ ಹೆಸರು ಹೇಳಲಿ.

ಬೆಂಗಳೂರಿನ ಕೆರೆಗಳು ರಾಜಕಾಲುವೆಯಿಂದ ಒಂದಕ್ಕೊಂದು ಕೂಡಿಕೊಂಡ ಸರಣಿ. ಮೇಲಿನ ಕುಂಟೆ, ಕಟ್ಟೆ, ಸಣ್ಣ ಕೆರೆ ತುಂಬಿ ಕೋಡಿ ಹರಿದ ಮೇಲೆ ಕೆಳಗಿನ ದೊಡ್ಡ ಕೆರೆಯ ಸರದಿ. ಮಳೆನೀರಿನ ರಭಸ ತಡೆಯುವುದು, ಹೂಳು ಹಿಡಿದಿಡುವುದು ಈ ಸಣ್ಣವೇ. ಅಂಚಿನ ಜೊಂಡು, ಜೌಗು ಕೊಳಚೆಯ ಸಾರಜನಕ, ರಂಜಕವನ್ನು ಹೀರಿಕೊಳ್ಳುತ್ತದೆ. ಮೇಲಿನದನ್ನು 3 ಮೀಟರಿಗೆ ಒತ್ತಿಟ್ಟು ಕೆಳಗಿನದಕ್ಕೆ 30 ಮೀಟರ್ ಕೊಟ್ಟರೆ ಯಾವ ಕೆರೆಯೂ ಉಳಿಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದನ್ನು ಇಷ್ಟು ಬೇಗ ಮರೆತರೆ?

ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬೆಂಗಳೂರಿನ ಕೆರೆಗಳ ಕುರಿತ ಲಕ್ಷ್ಮಣ ರಾವ್ ಸಮಿತಿ 1986ರಲ್ಲೇ ಎಚ್ಚರಿಸಿತ್ತು. 2011ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯೂ ವರದಿ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ವರ್ಷಗಳಿಂದ ಕೆರೆ ಕೆರೆ ಸುತ್ತಿ ಅಳೆದು ಬರೆದಿದೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದು ಸೈನಿಕರು ನಂದಿಸಬೇಕಾಗಿ ಬಂದಾಗ ಎಲ್ಲರಿಗೂ ತಜ್ಞರ ನೆನಪಾಯಿತು. ಹೊಗೆ ಆರಿತು, ತಜ್ಞರೂ ಬೇಡವಾದರು.

ಇದು ಹಳೆಯ ಚಾಳಿ. ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿಯ ತಿಳಿವಳಿಕೆಯನ್ನು ಮೊದಲು ಮೂಲೆಗೆ ತಳ್ಳಿದರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಈಗ ವಿಜ್ಞಾನಿಯ ಸರದಿ. ಅಘನಾಶಿನಿ ಅಳಿವೆಗೆ, ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಾಗ ಬೀಗಿದ ನಾಡಿನಲ್ಲೇ ಈ ಅನ್ಯಾಯ.

ಕೆರೆಗಳ ಸುತ್ತ 75 ಮೀಟರ್ ಬಫರ್ ಬೇಕೆಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವನ್ನು 2019ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತಲ್ಲ ಎಂದು ವಾದಿಸುವವರಿದ್ದಾರೆ. ಮಹಾಯೋಜನೆಯ ನಿಯಮ ಬದಲಿಸುವ ಅಧಿಕಾರ ಹಸಿರು ನ್ಯಾಯಮಂಡಳಿಗಿಲ್ಲ ಎಂದಿತು ಕೋರ್ಟು. ಕೆರೆಗೆ 3 ಮೀಟರ್ ಸಾಕು ಎನ್ನಲಿಲ್ಲ.

ವಿಜ್ಞಾನಿಗಳ ಅಭಿಪ್ರಾಯ ಮಸೂದೆ ಮಂಡನೆಗೆ ಮೊದಲೇ ಲಿಖಿತವಾಗಿ ಬರಬೇಕು, ಜನರ ಮುಂದಿರಬೇಕು. ತಳ್ಳಿಹಾಕುವುದಾದರೆ ಕಾರಣವನ್ನು ಸಚಿವರು ಸದನದಲ್ಲಿ ಹೇಳಬೇಕು. ಅಲ್ಲಿಯವರೆಗೆ ಆ 30 ಮೀಟರಿನಲ್ಲಿ ಒಂದಡಿಯನ್ನೂ ಬಿಟ್ಟುಕೊಡಕೂಡದು.