ಲಾಡಿಹುಳುವಿನ ಲೆಕ್ಕ ಇಡುವವರು ಯಾರು?



ಕಳೆದ ಪಾಟ್‌ಲಕ್‌ನಲ್ಲಿ ಲಾಡಿಹುಳುವಿನ ಮಾತೆತ್ತಿ ಮನೆಯವಳ ಕೈಲಿ ಬೈಸಿಕೊಂಡೆ. (ಬಿಸಿಬೇಳೆಭಾತ್ ಮುಂದಿಟ್ಟುಕೊಂಡು ಇಂಥ ವಿಷಯವೇ!) ಆದರೆ ಅಲ್ಲಿ ಹಿರಿಯರೊಬ್ಬರು ಹೇಳಿದ ಮಾತು ತಲೆಯಲ್ಲೇ ಉಳಿಯಿತು: "ಅದು ಹಂದಿ ಮಾಂಸ ತಿನ್ನೋರಿಗೆ ಬರೋದು ಕಣಯ್ಯ, ನಮಗೇನು?"

ಅದು ಅರ್ಧ ನಿಜ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಬರುವುದು ಕರುಳಿನ ಹುಳು. ಅದನ್ನು ಹೊತ್ತವರ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ತೊಳೆಯದ ಕೈಯಿಂದಲೋ ಸೊಪ್ಪಿನಿಂದಲೋ ಆ ಮೊಟ್ಟೆ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ರಕ್ತದ ಜೊತೆ ಮಿದುಳಿಗೆ ಹೋಗಿ ಗಂಟು ಕಟ್ಟುತ್ತವೆ. ಇದೇ ನ್ಯೂರೋಸಿಸ್ಟಿಸರ್ಕೋಸಿಸ್. ಭಾರತದಲ್ಲಿ ಫಿಟ್ಸ್‌ಗೆ ಇದೊಂದು ಮುಖ್ಯ ಕಾರಣ. ಹುಟ್ಟಾ ಸಸ್ಯಾಹಾರಿಗೂ ಬರಬಹುದು.

ನ್ಯೂಯಾರ್ಕ್‌ನಲ್ಲಿ 1990-91ರಲ್ಲಿ ಆದದ್ದೂ ಹೀಗೆಯೇ. ಹಂದಿ ಮಾಂಸ ಮುಟ್ಟದ ಆರ್ಥಡಾಕ್ಸ್ ಯಹೂದಿ ಸಮುದಾಯದ ನಾಲ್ವರಲ್ಲಿ ಈ ರೋಗ ಸಿಕ್ಕಿತು. ವೈದ್ಯರು ಬೆನ್ನು ಹತ್ತಿದಾಗ, ಲ್ಯಾಟಿನ್ ಅಮೆರಿಕದಿಂದ ಬಂದ ಮನೆಗೆಲಸದವರಿಂದ ಸೋಂಕು ತಗುಲಿರಬಹುದೆಂದು ಕಂಡಿತು. ಅವರನ್ನು ದೂರಿ ಫಲವಿಲ್ಲ. ಹುಳು ಹೊತ್ತ ಬಹುಪಾಲು ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ನನ್ನ ಗಮನ ಸೆಳೆದದ್ದು ಆ ಬೆನ್ನು ಹತ್ತಿದ ಕೆಲಸ. ಅದಿಲ್ಲದಿದ್ದರೆ ಆ ನಾಲ್ಕೂ ಬರೀ ಫಿಟ್ಸ್ ಕೇಸುಗಳಾಗಿ ಫೈಲು ಸೇರುತ್ತಿದ್ದವು.

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1000 ಜನ ಈ ರೋಗದಿಂದ ಹೊಸದಾಗಿ ಆಸ್ಪತ್ರೆ ಸೇರುತ್ತಾರೆಂದು ಸಿಡಿಸಿ ಅಂದಾಜು. ಅಂದಾಜು ಅಷ್ಟೇ! ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯ ವರದಿಯ ಪಟ್ಟಿಯಲ್ಲಿ ಇದಿಲ್ಲ. ಕ್ಯಾಲಿಫೋರ್ನಿಯಾ 1989ರಿಂದಲೇ ವರದಿ ಕೇಳುತ್ತಿದೆ, ಬೇರೆ ಕೆಲವು ರಾಜ್ಯಗಳೂ ಕೇಳುತ್ತವೆ, ಉಳಿದವು ಸುಮ್ಮನಿವೆ. ಆಸ್ಪತ್ರೆಯ ಲೆಕ್ಕವಾದರೂ ಏನು ಹೇಳುತ್ತದೆ? ಮೊಟ್ಟೆ ಹೊಟ್ಟೆ ಸೇರಿ ಎಷ್ಟೋ ವರ್ಷಗಳ ಮೇಲೆ ಫಿಟ್ಸ್ ಬರಬಹುದು. ಸ್ಕ್ಯಾನ್ ಮಾಡಿಸಲು ಇನ್ಶೂರೆನ್ಸ್ ಇಲ್ಲದವರು ಲೆಕ್ಕಕ್ಕೇ ಸಿಗುವುದಿಲ್ಲ. ಸರ್ವರ್ ಕುಸಿದು ಬಿದ್ದ ಮೇಲೆ ಮಾತ್ರ ಲಾಗ್ ತೆರೆಯುವ ಟೀಮನ್ನು ನಾವು ಯಾರಾದರೂ ಒಪ್ಪುತ್ತೇವೆಯೇ?

ಲೆಕ್ಕ ಇಟ್ಟರೆ ವಲಸಿಗರಿಗೆ ಕೆಟ್ಟ ಹೆಸರು ಬರುತ್ತದೆ ಎನ್ನುವವರಿದ್ದಾರೆ. ಆ ಭಯ ನನಗೂ ಅರ್ಥವಾಗುತ್ತದೆ, ನಾವೂ ವಲಸೆ ಬಂದವರೇ. ಆದರೂ ಎಲ್ಲ ರಾಜ್ಯಗಳೂ ವರದಿ ಕೇಳಲೇಬೇಕು ಎಂಬುದು ನನ್ನ ವಾದ. ವರದಿ ಬಂದ ಮೇಲೆ ರೋಗಿಯ ಜೊತೆಗಿರುವವರ ಮಲ ಪರೀಕ್ಷೆಯೂ ಆಗಬೇಕು. ಬರೀ ರೋಗಿಗಳನ್ನು ಎಣಿಸಿದರೆ ಮೊಟ್ಟೆ ಬಂದ ಜಾಗ ಹಾಗೇ ಉಳಿಯುತ್ತದೆ.

ಅಲ್ಲಿಯವರೆಗೆ, ನಿಮ್ಮಲ್ಲಿ ಯಾರಿಗಾದರೂ, ಊರಿನಿಂದ ಬಂದ ಅಪ್ಪ ಅಮ್ಮನಿಗಾದರೂ ಸರಿ, ಮೊದಲ ಬಾರಿ ಫಿಟ್ಸ್ ಬಂದರೆ ಎಲ್ಲಿ ಬೆಳೆದವರೆಂದು ಡಾಕ್ಟರಿಗೆ ಕೇಳದಿದ್ದರೂ ಹೇಳಿ. "ನಾವು ವೆಜಿಟೇರಿಯನ್" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಬೇಡಿ.